ಎರಡು ‘ತೊರೆದ ಮನೆ’ಗಳು

ಚಿತ್ರದುರ್ಗ
ಮಂಗಳವಾರ, ೨೪ ನವೆಂಬರ್ ೧೯೩೬

ಹಿರಿಯೂರಿನಲ್ಲಿರುವ ನಮ್ಮ ಯಜಮಾನರಿಗೆ ದಾಕ್ಷಾಯಣಿಯ ಶರಣಾರ್ಥಿಗಳು.

ನಿನ್ನೆ ಮಧ್ಯಾಹ್ನ ಎರಡೂವರೆಗೆ ತಮಟೆ ಸದ್ದಿಗೆ ಎಚ್ಚರವಾಯಿತು. ರಾತ್ರಿ ನಿದ್ದೆ ಬಾರದ ನಾನು ಈಗೀಗ ಹಗಲು ಒಂದಿಷ್ಟು ಕಣ್ಣು ಮುಚ್ಚುತ್ತೇನೆ. ಟೆಂಟ್ ಸಿನಿಮಾದ ಗಾಡಿ ಬೀದಿಗೆ ಬಂದಿತ್ತು. ಕರಪತ್ರ ಇಸಿದುಕೊಂಡು ನೋಡಿದರೆ ‘ತೊರೆದ ಮನೆ’. ಇದನ್ನು ಸೆಪ್ಟೆಂಬರಿನಲ್ಲೇ ನೋಡಿದ್ದೆನಲ್ಲ ಎಂದುಕೊಂಡೆ. ಆದರೆ ಅಚ್ಚಾಗಿದ್ದ ಮುಖಗಳು ಬೇರೆ. ಗಾಡಿಯ ಪಾಲಣ್ಣನನ್ನು ಕೇಳಿದೆ.

“ಅದು ಮೂಕಿ ಕಣಕ್ಕ, ಇದು ಮಾತಾಡೋದು. ಹೆಸರು ಒಂದೇ ಐತೆ, ಕಥೆ ಬ್ಯಾರೆ. ಬೆಂಗಳೂರಾಗೆ ಮೂರು ತಿಂಗಳು ಓಡೈತೆ” ಎಂದ.

ಹಾಗಾದರೆ ಬೆಂಗಳೂರಿನಲ್ಲಿ ನೀವು ನೋಡಿದ್ದು ಯಾವುದು? ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗ ನೀವು ಬರೆದ ಕಾರ್ಡು ನನಗೆ ಬಾಯಿಪಾಠವಾಗಿದೆ: ‘ತೊರೆದ ಮನೆ ನೋಡಿದೆ. ಅದರಲ್ಲಿ ಗಂಡ ಮಾಡಿದ್ದನ್ನೇ ನಾನೂ ಮಾಡುತ್ತೇನೆ. ಅದು ನಿಮ್ಮೂರಿಗೆ ಬಂದಾಗ ನೀನೂ ನೋಡು.’ ಅಷ್ಟೇ. ಬೇರೆ ಮನೆ ಮಾಡೋಣ ಎಂದು ಜಗಳವಾಡಿ, ಮಗುವನ್ನೆತ್ತಿಕೊಂಡು ತವರಿಗೆ ಬಂದವಳಿಗೆ ಆಗ ನೀವು ಕಳಿಸಿದ ಉತ್ತರ ಅದೊಂದೇ.

ಆ ವಾರವೇ ಟೆಂಟಿನಲ್ಲಿ ಮೂಕಿ ನೋಡಿದೆ. ಅದರ ಗಂಡ ತಾಯಿಯ ಮಾತು ಕೇಳಿ, ಹೆಂಡತಿಯ ಮಡಿಲಿನಿಂದ ಕೂಸನ್ನು ಕಿತ್ತುಕೊಂಡು ಬಾಗಿಲು ಹಾಕುತ್ತಾನೆ. ಪರದೆಯ ಪಕ್ಕ ಕೋಲು ಹಿಡಿದು ಕಥೆ ಹೇಳುತ್ತಿದ್ದ ಪಾಲಣ್ಣ, “ನೋಡ್ರಿ ತಾಯಂದಿರಾ, ಓದಿದ ಹೆಂಡ್ರಿಗೆ ಇದೇ ಗತಿ. ಮನೇನೂ ಇಲ್ಲ, ಮಗೀನೂ ಇಲ್ಲ” ಎಂದ. ಹೆಂಗಸರೆಲ್ಲ ನಕ್ಕರು. ಮೈಸೂರಿನ ಕಾಲೇಜು ಓದಿದ ನಾನೊಬ್ಬಳು ಕತ್ತಲಲ್ಲಿ ಕೂಸನ್ನು ಅವಚಿಕೊಂಡು ಕೂತಿದ್ದೆ.

ನೀವು ಹೆದರಿಸಿದ್ದೀರಿ ಎಂದು ಅಪ್ಪಾಜಿಗೆ ಹೇಳಿದವಳು ನಾನೇ. ಆಮೇಲೆ ಬಂದ ನಿಮ್ಮ ಎರಡು ಲಕೋಟೆಗಳನ್ನು ಒಡೆಯದೆ ಹಿಂದಕ್ಕೆ ಕಳಿಸಿ ಎಂದವಳೂ ನಾನೇ. ಈಗ ಗುರುವಾರ ಬೆಳಿಗ್ಗೆ ಹಿರಿಯರು ಕೂಡುತ್ತಾರೆ. ಬಿಡುಗಡೆ ಪತ್ರಕ್ಕೆ ನಾನು ರುಜು ಹಾಕಬೇಕು.

ನಿನ್ನೆ ಸಂಜೆ ಅವ್ವನಿಗೆ ಗುಡಿಗೆಂದು ಹೇಳಿ ಒಬ್ಬಳೇ ಮೊದಲ ಆಟಕ್ಕೆ ಹೋದೆ. ಚಿತ್ರವಾಗಿ ಮೂಕಿಯೇ ಚೆನ್ನಾಗಿತ್ತು. ಇದರಲ್ಲಿ ಹಾಡು ಹೆಚ್ಚು, ಯಂತ್ರ ಎರಡು ಸಲ ನಿಂತಿತು, ಅರ್ಧ ಮಾತು ಗೊರಗೊರ. ಆದರೆ ಇದರ ಗಂಡ ತಾಯಿಯ ಕಾಲಿಗೆ ಬಿದ್ದು, ಒಂದು ಟ್ರಂಕು ಹೊತ್ತು, ಮನೆಯಿಂದ ತಾನೇ ಹೊರಡುತ್ತಾನೆ. ಬಾಡಿಗೆ ಕೋಣೆ ಹಿಡಿದು, ರೊಟ್ಟಿ ಬಡಿಯಲು ಹೋಗಿ ಕೈ ಸುಟ್ಟುಕೊಳ್ಳುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರೆ ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕಾಯಿತು.

ಕಾರ್ಡನ್ನು ಹಾದಿಯಲ್ಲಿ ಹೋಗುವವರೂ ಓದುತ್ತಾರೆ; ಅತ್ತೆಯವರ ಕಿವಿಗೆ ಮುಟ್ಟದಿರಲಿ ಎಂದು ಹಾಗೆ ಮರೆಮಾಡಿ ಬರೆದಿರಾ? ಬೇರೆ ಮನೆ ಮಾಡಿಯೇ ಬಿಟ್ಟಿದ್ದೀರಾ? ಇಲ್ಲಿ ಮನೆ ತುಂಬ ಜನ, ಆದರೆ ಇದನ್ನು ಕೇಳಬಹುದಾದವರು ಒಬ್ಬರೂ ಇಲ್ಲ. ನಾನು ತಪ್ಪು ತಿಳಿದೆ ಎಂದರೆ ಅಪ್ಪಾಜಿ, “ಸಿನಿಮಾ ನೋಡಿ ಗಂಡನ್ನ ಬಿಟ್ಟೆ, ಈಗ ಸಿನಿಮಾ ನೋಡಿ ಕೂಡ್ಕಂತೀಯೇನವ್ವ?” ಅನ್ನುತ್ತಾರೆ. ಅನ್ನಲಿ. ನೀವು ನೋಡಿದ್ದು ಮಾತಾಡುವುದೇ ಆಗಿದ್ದರೆ ‘ಎರಡನೆಯದು’ ಎಂದು ಒಂದೇ ಮಾತು ತಂತಿ ಕೊಡಿ. ಗುರುವಾರ ಬೆಳಗಾಗುವುದರೊಳಗೆ ಬಂದರೆ ಸಾಕು, ರುಜು ಹಾಕುವುದಿಲ್ಲ. ದಯವಿಟ್ಟು ತಡಮಾಡಬೇಡಿ.

ಇಂತಿ ನಿಮ್ಮ
ದಾಕ್ಷಾಯಣಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಅಂಜಿದ್ದು. ನೀವು ಬಂದು ಎತ್ತಿಕೊಂಡು ಹೋಗುತ್ತೀರೆಂದು ಕೂಸನ್ನು ಬಚ್ಚಿಟ್ಟಿದ್ದೇನೆ. ಒಂಬತ್ತು ದಿನವಾಯಿತು, ಹಾಲು ತುಂಬಿ ಎದೆ ಕಟ್ಟಿಕೊಂಡು ನಿದ್ದೆಯಿಲ್ಲ. ನೀವು ನೋಡಿದ್ದು ಯಾವುದೋ ನನಗಿನ್ನೂ ತಿಳಿಯದು, ಆದರೂ ಹೇಳುತ್ತೇನೆ. ತಾಳ್ಯದಲ್ಲಿ, ಚಿಕ್ಕಮ್ಮ ಏಕನಾಥಮ್ಮನ ಮನೆಯಲ್ಲಿದ್ದಾನೆ.