ಕೆಂಪು ಕಂಡರೆ ಒಲೆ

ಸೋಮವಾರ, ಮಧ್ಯಾಹ್ನ

ಮಗಳೇ,

ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿದೆ? ಹೆತ್ತವಳು ಹೇಗಿದ್ದಾಳೆ ಎಂದು ಒಂದು ಸಾಲು ಕೇಳದೆ, ಪಾತ್ರೆಗಳನ್ನು ಹಳೇ ಬಟ್ಟೆಯಲ್ಲಿ ಸುತ್ತಿಡಿ, ಮುಂದಿನ ತಿಂಗಳು ಗಾಡಿ ತರುತ್ತೇನೆ ಎಂದು ಬರೆದಿದ್ದೀಯ. ಮೊಮ್ಮಗಳ ಹೊಸ ಅಡುಗೆಮನೆಯ ಗಾಜಿನ ಬೀರುವಿಗೆ ಬೇಕಂತೆ. ಅವು ನಿನ್ನಜ್ಜಿಯ ತಾಮ್ರ, ಹಿತ್ತಾಳೆ ಪಾತ್ರೆಗಳು, ನಿನಗೂ ಪಾಲಿದೆ, ಒಪ್ಪಿದೆ. ಆದರೂ ಒಂದು ಸೌಟನ್ನೂ ಕೊಡುವುದಿಲ್ಲ. ನಾನೇ ಬರೆದ ಅಕ್ಷರ ಡೊಂಕಾಗಿದೆ ಎಂದು ಮೂಗು ಮುರಿಯದೆ ಪೂರ್ತಿ ಓದು.

ಕಳೆದ ಸಲ ಬಂದಾಗ ಅಡುಗೆಮನೆಯ ಬಾಗಿಲಲ್ಲೇ ನಿಂತು ನಿನ್ನ ತಮ್ಮನ ಹೆಂಡತಿಗೆ ಏನಂದೆ, ನೆನಪಿದೆಯಾ? "ಇದೇನು ಅಡುಗೆಮನೆನಾ, ಪಾತ್ರೆ ಅಂಗಡಿನಾ? ಯಾರಿಗೆ ತೋರ್ಸೋಕೆ ಇಷ್ಟು ಮಿಂಚಿಸಿದ್ದೀಯ?" ಅವಳು ತಲೆಯೆತ್ತದೆ ಹೂಜಿ ಒರೆಸುತ್ತಲೇ ಇದ್ದಳು. ನೀನು ಅದನ್ನೇ ಸೊಕ್ಕು ಎಂದುಕೊಂಡು, ಊಟಕ್ಕೂ ನಿಲ್ಲದೆ ದುರ್ದಾನ ತೆಗೆದುಕೊಂಡವಳಂತೆ ಹೊರಟುಹೋದೆ. ಅವಳ ಬಾಯಿಗೆ ಬೀಗ ಹಾಕಿದ್ದವಳು ನಾನು.

ನನ್ನ ಕಣ್ಣು ಕೈಕೊಟ್ಟಿದೆ. ಎದುರಿಗಿರುವುದೆಲ್ಲ ಬೂದಿ ಕದಡಿದ ನೀರಿನಲ್ಲಿ ಮುಳುಗಿದ ಹಾಗೆ. ಸ್ಟೀಲು ಕಾಣುವುದೇ ಇಲ್ಲ. ಒಮ್ಮೆ ಕಟ್ಟೆ ಎಂದುಕೊಂಡು ಬಿಸಿ ಒಲೆಯ ಮೇಲೆ ಅಂಗೈ ಊರಿದೆ, ಗುಳ್ಳೆ ಎದ್ದಿತು. ಇನ್ನು ಅಡುಗೆಮನೆಗೆ ಕಾಲಿಡಬೇಡ ಎಂದು ನಿನ್ನ ತಮ್ಮ ಗದರಿದ. ಸೊಸೆ ಮರುದಿನ ಅಟ್ಟ ಹತ್ತಿ, ಕಪ್ಪುಗಟ್ಟಿದ್ದ ಪಾತ್ರೆಗಳನ್ನೆಲ್ಲ ಇಳಿಸಿ, ನಿಂಬೆ ಸಿಪ್ಪೆಯನ್ನು ಉಪ್ಪಿನಲ್ಲಿ ಅದ್ದಿ ಉಗುರು ಸವೆಯುವಂತೆ ತಿಕ್ಕಿದಳು. ತಾಮ್ರದ ತಪ್ಪಲೆಯನ್ನು ಒಲೆಯ ಪಕ್ಕದಲ್ಲಿಟ್ಟಳು, ಹಿತ್ತಾಳೆ ಹೂಜಿಯನ್ನು ನಲ್ಲಿಯ ಹತ್ತಿರ.

"ಅತ್ತೆ, ಕೆಂಪು ಕಂಡ್ರೆ ಒಲೆ, ಹಳದಿ ಕಂಡ್ರೆ ನೀರು. ಬಂದು ಉಪ್ಪು ನೀವೇ ಹಾಕಿ, ನನ್ನ ಕೈಯಲ್ಲಿ ಯಾವಾಗ್ಲೂ ಜಾಸ್ತಿ ಆಗುತ್ತೆ" ಅಂದಳು.

ಸುಳ್ಳಿ. ಅವಳ ಉಪ್ಪು ಎಂದೂ ಹೆಚ್ಚಾಗಿಲ್ಲ.

ವಾರವಾರವೂ ತಿಕ್ಕುತ್ತಾಳೆ. ಒಮ್ಮೆ ಅವಳು ಜ್ವರದಲ್ಲಿ ಮಲಗಿದಾಗ ತಾಮ್ರ ಮಂಕಾಗಿ, ನನ್ನ ಅಡುಗೆಮನೆಯಲ್ಲೇ ನಾನು ದಾರಿ ತಪ್ಪಿದವಳ ಹಾಗೆ ನಿಂತೆ. ನೀನು ತಪ್ಪಲೆ ಒಯ್ದರೆ ನಾನು ಮೂಲೆ ಸೇರಬೇಕು.

ನಿನಗೇಕೆ ಹೇಳಲಿಲ್ಲ ಎನ್ನುತ್ತೀಯ. ಹೇಳಿದರೆ ನೀನು ನನ್ನನ್ನು ಎಳೆದೊಯ್ದು, ಮೆತ್ತನೆ ಕುರ್ಚಿಯಲ್ಲಿ ಕೂರಿಸಿ, ಕೈಗೆ ಲೋಟ ಕೊಟ್ಟು, ಅಲುಗಾಡಬೇಡ ಅನ್ನುತ್ತೀಯ. ನಿನ್ನ ಪ್ರೀತಿ ನನಗೆ ಗೊತ್ತಿಲ್ಲವೇ?

ನಿನ್ನ ಕಾಗದ ನನಗೆ ಓದಿ ಹೇಳಿದ್ದು ಯಾರು ಅಂದುಕೊಂಡೆ? ಅವಳೇ. ಗಾಡಿ ತರುತ್ತೇನೆ ಎಂಬ ಸಾಲನ್ನೂ ಒಂದಕ್ಷರ ಬಿಡದೆ ಓದಿದಳು. ನೀನು ಕ್ಷಮೆಗಿಮೆ ಅಂತ ದೊಡ್ಡ ಮಾತಾಡಬೇಡ, ಅವಳಿಗೆ ಮುಜುಗರ. ಬಂದು ಜೊತೆಗೆ ಕೂತು ಒಂದು ತಟ್ಟೆ ತಿಕ್ಕು, ಸಾಕು.

ಇನ್ನೂ ಒಲೆ ಬಿಡದ
ನಿನ್ನ ಅಮ್ಮ

ಮರೆತ ಮಾತು: ವರ್ಷ ತುಂಬುವುದರೊಳಗೆ ಈ ಹೊಳಪೂ ಕಾಣದಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಸೊಸೆ ಆಗ ಔಷಧಿ ತರಲು ಹೋಗಿದ್ದಳು, ಅವಳಿಗೆ ಗೊತ್ತಿಲ್ಲ. ಬಾಯಿಬಿಟ್ಟರೆ ನಿನ್ನ ಚರ್ಮ ಸುಲಿಯುತ್ತೇನೆ, ಪಾಪ, ಅಷ್ಟು ಆಸೆಯಿಂದ ತಿಕ್ಕುತ್ತಾಳೆ. ಆಮೇಲೆ ನಿನಗೆ ಬೇಕಾದ್ದು ಒಯ್ಯಿ. ಈಗ ಬರಿಗೈಯಲ್ಲಿ ಬಾ. ಕಿಟಕಿಯ ಬೆಳಕಿಗೆ ಹತ್ತಿರ ಕೂತರೆ ನಿನ್ನ ಮುಖ ಇನ್ನೂ ಗೊತ್ತಾಗುತ್ತದೆ. ಯಾವ ದಿನ ಬರುತ್ತೀಯೆಂದು ಮುಂದಿನ ತಿಂಗಳು ಹುಟ್ಟುವ ಮೊದಲೇ ಬರೆ. ಕಪ್ಪು ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ. ಆ ಕಾಗದವನ್ನು ನಾನೇ ಓದಿಕೊಳ್ಳಬೇಕು.