ಕೇಳದೆ ಬಳಸಿದ ಐವತ್ತು ನಿಮಿಷ

ಗುರುವಾರ, ಮಧ್ಯಾಹ್ನ ಎರಡೂವರೆ

ತಂಗಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಇವತ್ತು ನನ್ನ ಉಪವಾಸ. ನಸುಕಿಗೇ ಎದ್ದು ಮನೆ ಗುಡಿಸಿ ಒರೆಸಿ, ನಿನ್ನ ಭಾವನಿಗೆ ಸ್ನಾನ ಮಾಡಿಸಿ ತಿಂಡಿ ತಿನ್ನಿಸಿ, ಬಟ್ಟೆ ಒಗೆದು ಹರವಿ, ದೀಪ ಹಚ್ಚಿ ಜಪ ಮುಗಿಸುವಾಗ ಬಿಸಿಲು ಹಿತ್ತಿಲ ಬಾಗಿಲಿಗೆ ಬಂದಿತ್ತು. ಈಗ ಅವರು ಮಲಗಿದ್ದಾರೆ. ಒಲೆಯ ಕೆಲಸವಿಲ್ಲದ್ದರಿಂದ ನನ್ನ ಕೈಗೂ ಬಿಡುವಾಗಿದೆ.

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು ಅಂತ ಎಲ್ಲರೂ ಕಾಗದದಲ್ಲಿ ಬರೆಯುತ್ತಾರೆ. ಅವರದು ಎಂಟು ದಿನ, ಹದಿನೈದು ದಿನ ತಡ. ನನ್ನದು ನಾಲ್ಕು ವರ್ಷ. ಅದೂ ಒಂದು ಗೋಡೆಯ ಆಚೆಗೆ. ನೀನು ಸೀನಿದರೆ ನನಗೆ ಕೇಳುತ್ತದೆ, ನನ್ನ ಸೌಟು ಬಿದ್ದರೆ ನಿನಗೆ ಕೇಳುತ್ತದೆ, ಇಷ್ಟು ಹತ್ತಿರದವಳಿಗೆ ಕಾಗದವೇ ಅಂತ ನಗಬೇಡ. ನಿನ್ನ ಜೊತೆ ಮಾತಾಡುವುದಿಲ್ಲ ಅಂತ ದೀಪದ ಮುಂದೆ ಆಣೆ ಇಟ್ಟವಳು ನಾನು. ಬರೆಯುವುದಿಲ್ಲ ಅಂತ ಇಟ್ಟಿರಲಿಲ್ಲ. ಇದು ಇವತ್ತು ಹೊಳೆಯಿತು. ನಾಲ್ಕು ವರ್ಷ ಬೇಕಾಯಿತು ನೋಡು ಇಷ್ಟು ಹೊಳೆಯಲು. ನಮ್ಮಿಬ್ಬರ ಅತ್ತೆ ಬದುಕಿದ್ದಿದ್ದರೆ, "ದೊಡ್ಡ ಸೊಸೆಯ ಬುದ್ಧಿ ಎತ್ತಿನಗಾಡಿಯಲ್ಲಿ ಬರುತ್ತೆ" ಅಂತ ಹಳೇ ಮಾತನ್ನೇ ಮತ್ತೆ ಅನ್ನುತ್ತಿದ್ದರು.

ಬರೆದ ಕಾರಣ ಮೊದಲೇ ಹೇಳಿಬಿಡುತ್ತೀನಿ. ಇವತ್ತು ಹತ್ತು ಗಂಟೆಯಿಂದ ಹತ್ತು ಐವತ್ತರವರೆಗೆ ನಿಮ್ಮ ಮನೆಯ ವೈಫೈಯನ್ನು ನಿನ್ನನ್ನು ಕೇಳದೆ ಬಳಸಿದೆ. ಕೇಳದೆ ತೆಗೆದುಕೊಂಡರೆ ಅದು ಕಳ್ಳತನವೇ, ಉಪ್ಪಾದರೇನು, ವೈಫೈ ಆದರೇನು. ಉಪವಾಸದ ದಿನ ಕದ್ದು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಹೊಟ್ಟೆ ಖಾಲಿ ಎಲ್ಲಿ ಉಳಿಯಿತು?

ಹೇಗಾಯಿತು ಅಂತ ಹೇಳುತ್ತೀನಿ ಕೇಳು.

ನಿನ್ನ ಭಾವನಿಗೆ ಪಾರ್ಶ್ವವಾಯು ಬಡಿದು ಐದು ತಿಂಗಳಾಯಿತು. ಮೈದುನ ಬಂದು ನೋಡಿಕೊಂಡು ಹೋಗುತ್ತಾನೆ, ನಿನಗೆ ಎಲ್ಲ ಹೇಳಿಯೇ ಇರುತ್ತಾನೆ. ಕಾಲು ಪರವಾಗಿಲ್ಲ, ಗೋಡೆ ಹಿಡಿದು ಬಚ್ಚಲಿನ ತನಕ ನಡೆಯುತ್ತಾರೆ. ಮಾತು ಮಾತ್ರ ಹೋಗಿದೆ. ಮೂವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗಿದ ಗಂಟಲು, ಈಗ ನೀರು ಬೇಕಾದರೂ "ಹೂಂ", ಬೇಡವಾದರೂ "ಹೂಂ". ಯಾವ ಹೂಂ ಯಾವುದು ಅಂತ ಮುಖ ನೋಡಿ ತಿಳಿಯಬೇಕು. ತಪ್ಪು ತಿಳಿದರೆ ಲೋಟ ತಳ್ಳುತ್ತಾರೆ, ಆಮೇಲೆ ತಾವೇ ಅಳುತ್ತಾರೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಗುರುವಾರ ಹತ್ತು ಗಂಟೆಗೆ ಪಾಠ, ಕಂಪ್ಯೂಟರಿನಲ್ಲೇ. ಅದಕ್ಕೆಂದೇ ಮೈದುನ ಒಂದು ಹಳೆಯ ಲ್ಯಾಪ್‌ಟಾಪ್ ಹುಡುಕಿ ತಂದುಕೊಟ್ಟ, ಕಂಪನಿಯವರು ಬಂದು ರೂಟರ್ ಹಾಕಿಕೊಟ್ಟರು. ಆಸ್ಪತ್ರೆಯ ನಿಯಮ ಏನೆಂದರೆ ಮೂರು ಪಾಠ ತಪ್ಪಿಸಿದವರ ಜಾಗ ಮುಂದಿನವರಿಗೆ ಹೋಗುತ್ತದೆ. ಕಾಯುವವರು ಬಹಳ ಜನ, ಮೇಡಂ ಏನು ಮಾಡಿಯಾರು. ನಮ್ಮದು ಒಂದು ಸಲ ಇವರಿಗೆ ಜ್ವರ ಬಂದು ತಪ್ಪಿತು, ಇನ್ನೊಂದು ಸಲ ಕರೆಂಟು ಹೋಗಿ ತಪ್ಪಿತು. ಇವತ್ತೂ ತಪ್ಪಿದ್ದರೆ ಮೂರು.

ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದೆ. ಎಂದಿನಂತೆ ಮೇಡಂ ಕಳಿಸಿದ ಲಿಂಕ್ ಒತ್ತಿದರೆ ಇಂಟರ್ನೆಟ್ ಇಲ್ಲ ಅಂತ ಬಂತು. ಮುಚ್ಚಿ ತೆರೆದೆ, ಆಗಲೂ ಇಲ್ಲ. ಇವರು ಒಗೆದ ಅಂಗಿ ತೊಟ್ಟು, ತಲೆ ಬಾಚಿಸಿಕೊಂಡು, ಪರೀಕ್ಷೆಗೆ ಕೂತವರ ಹಾಗೆ ಕುರ್ಚಿಯ ಮೇಲೆ ಕೂತಿದ್ದಾರೆ. ನನ್ನ ಗುಂಡಿ ಒತ್ತುವ ಫೋನಿನಿಂದ ಕಂಪನಿಗೆ ಹಚ್ಚಿದೆ. ಒಬ್ಬ ಹುಡುಗಿ ಎತ್ತಿಕೊಂಡಳು, ದನಿ ತಣ್ಣಗಿತ್ತು.

ರೂಟರ್ ಎಲ್ಲಿದೆ ಅಂತ ಕೇಳಿದಳು. ದೇವರ ಹಲಗೆಯ ಮೇಲೆ ಅಂದೆ. ಮನೆಯಲ್ಲಿ ಎತ್ತರದ ಜಾಗ, ಚೊಕ್ಕಟವಾದ ಜಾಗ ಅದೊಂದೇ ಅಲ್ಲವಾ, ಅಲ್ಲೇ ಇಟ್ಟಿದ್ದೆ. ಎಷ್ಟು ದೀಪ ಉರಿಯುತ್ತಿವೆ ಅಂದಳು. ದೇವರದು ಬಿಟ್ಟು ಎರಡು ಅಂದೆ. ನಗು ತಡೆಯಲು ಒಂದು ಸಲ ಕೆಮ್ಮಿದಳು. ಮೂರು ಇರಬೇಕಿತ್ತಂತೆ. ತಂತಿಯಲ್ಲಿ ಇಂಟರ್ನೆಟ್ ಮನೆಯ ತನಕ ಬಂದಿದೆ, ಗಾಳಿಗೆ ಬಿಡುವ ದೀಪವೊಂದು ಉರಿಯುತ್ತಿಲ್ಲ ಅಂತ ವಿವರಿಸಿದಳು. ಪ್ಲಗ್ ತೆಗೆದು ಮೂವತ್ತು ಎಣಿಸಿ ಮತ್ತೆ ಹಾಕಿ ಅಂದಳು. ನನಗೆ ಎಣಿಸುವುದೆಂದರೆ ಮಣಿಯಲ್ಲೇ. ಜಪಮಾಲೆ ತೆಗೆದುಕೊಂಡು ಎಣಿಸಿದೆ. ಹದಿನೆಂಟಕ್ಕೆ ಬಂದಾಗ ಕೈ ನಿಂತುಹೋಯಿತು. ಯಾಕೆ ನಿಂತಿತು ಅಂತ ಕೊನೆಗೆ ಬರೆಯುತ್ತೀನಿ. ಹೇಗೋ ಮೂವತ್ತು ಮುಗಿಸಿ ಹಾಕಿದೆ. ಎರಡೇ ದೀಪ.

ಆಮೇಲೆ ಲ್ಯಾಪ್‌ಟಾಪ್ ನೋಡೋಣ ಅಂದಳು. ಕೆಳಗಿನ ಮೂಲೆಯಲ್ಲಿ ಏನು ಚಿತ್ರ ಇದೆ ಅಂತ ಕೇಳಿದಳು. ವಿಮಾನದ ಚಿತ್ರ ಇತ್ತು. ವಿಮಾನದಲ್ಲಿ ಕೂತವರು ಹೀಗೆ ಮಾಡಿಕೊಳ್ಳುತ್ತಾರಂತೆ, ಆಗ ವೈಫೈ ಆರಿಹೋಗುತ್ತದಂತೆ. ನಮ್ಮ ವಂಶದಲ್ಲೇ ವಿಮಾನ ಹತ್ತಿದವರಿಲ್ಲ, ಈ ಲ್ಯಾಪ್‌ಟಾಪಿಗೆ ಯಾಕೆ ಬಂತು ಈ ಬಡಿವಾರ ಅಂದೆ. ಮೇಲಿನ ಸಾಲಿನಲ್ಲಿ ಅದೇ ಚಿತ್ರದ ಗುಂಡಿ ಇರುತ್ತದೆ, ಒತ್ತಿ ಅಂದಳು. ಒತ್ತಿದೆ, ವಿಮಾನ ಹೋಯಿತು. ಈಗ ಒಂದರ ಕೆಳಗೊಂದು ಹೆಸರು ಬರುತ್ತವೆ, ನಿಮ್ಮದನ್ನು ಹುಡುಕಿ ಅಂದಳು. ಅಷ್ಟರಲ್ಲಿ ಲೈನು ಕಡಿದುಹೋಯಿತು. ಮತ್ತೆ ಹಚ್ಚಿದರೆ ಸಂಗೀತ ಬಂತು, ಹುಡುಗಿ ಬರಲಿಲ್ಲ.

ಹತ್ತಕ್ಕೆ ಆರು ನಿಮಿಷ. ನಮ್ಮದು ಬರಲಿಲ್ಲ. ಬಂದದ್ದು ಒಂದೇ ಹೆಸರು. ಇಂಗ್ಲಿಷ್ ಅಕ್ಷರ ನಾನು ಕೂಡಿಸಿ ಕೂಡಿಸಿ ಓದಬೇಕು, ನಿನಗೆ ಗೊತ್ತು. ಅದನ್ನು ಕೂಡಿಸಬೇಕಾಗಲಿಲ್ಲ. ಗುಬ್ಬಿಗೂಡು.

ಒಂದೇ ಮನೆಯಾಗಿದ್ದಾಗ ನಡುಬಾಗಿಲ ಮೇಲೆ ಆ ವೈಫೈ ಡಬ್ಬಿ ಹಾಕಿಸಿದ ದಿನ ನೆನಪಿದೆಯಾ? ನೀನು ಔಷಧಿ ಅಂಗಡಿಯಿಂದ ಬರುವಷ್ಟರಲ್ಲಿ ನಿನ್ನ ಮಗಳು ಹೆಸರೂ ಇಟ್ಟು, ಪಾಸ್‌ವರ್ಡೂ ಇಟ್ಟು ಮುಗಿಸಿದ್ದಳು. ಆಗ ಗುಬ್ಬಿಗೆ ಎಂಟು ವರ್ಷ. ಅಮ್ಮ ಅಂತ ಇಡಲು ಹೋದೆ, ಎಂಟಕ್ಷರ ಬೇಕಂತೆ, ಅಮ್ಮ ಸಾಲಲಿಲ್ಲ, ದೊಡ್ಡಮ್ಮ ಅಂದರೆ ಸರಿಯಾಗಿ ಆಯಿತು ಅಂತ ಬೆರಳು ಮಡಚಿ ತೋರಿಸಿದಳು. ನೀನು ಚಪ್ಪಲಿ ಬಿಡುತ್ತಾ, "ಆಯ್ತು ಬಿಡು, ಹೆತ್ತೋಳು ಸಾಲಲ್ಲ ಅಂತ ಡಬ್ಬಿನೂ ಹೇಳ್ತು" ಅಂತ ನಕ್ಕೆ. ಮಕ್ಕಳಿಲ್ಲದ ನನಗೆ ಆ ನಗುವಿನಲ್ಲಿ ನೀನು ಎಷ್ಟು ಕೊಟ್ಟೆ ಅಂತ ಆವತ್ತು ಹೇಳಲಿಲ್ಲ. ಇಂಗ್ಲಿಷಿನಲ್ಲಿ ನಾನು ನೋಡದೆ ಬರೆಯಬಲ್ಲ ಮಾತು ಅದೊಂದೇ. ಅವಳೇ ಕೈ ಹಿಡಿದು ಕಲಿಸಿದ್ದು.

ಬದಲಾಯಿಸಿರುತ್ತೀರಿ ಅಂತಲೇ ಅಂದುಕೊಂಡೆ. ಮನೆ ಎರಡಾಯಿತು. ನಡುಬಾಗಿಲಿಗೆ ಆ ಕಡೆಯಿಂದ ನೀನು ಬೀಗ ಹಾಕಿದೆ, ಈ ಕಡೆಯಿಂದ ನಾನು ಬೀರು ತಂದು ಅಡ್ಡ ಇಟ್ಟೆ. ಯಾರು ಇಟ್ಟುಕೊಳ್ಳುತ್ತಾರೆ ಆ ಹೆಸರನ್ನು? ಆದರೂ ಒಂದೊಂದೇ ಅಕ್ಷರ ಒತ್ತಿದೆ. ಚಕ್ರ ತಿರುಗಿತು. ತೆರೆದುಕೊಂಡಿತು.

ತಂಗೀ, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇವರು "ಹೂಂ? ಹೂಂ?" ಅಂತ ಕೇಳುತ್ತಿದ್ದರು. ಎದ್ದು ಗುಬ್ಬಿಗೂಡು ಅನ್ನುವ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು.

ಪಾಠ ಸರಿಯಾಗಿ ಹತ್ತಕ್ಕೆ ಶುರುವಾಯಿತು. ಕೊಡೆ, ಕುರ್ಚಿ, ಮರ ಅಂತ ಮೇಡಂ ಒಂದೊಂದೇ ಚಿತ್ರ ತೋರಿಸಿದರು. ಇವರು ಎಲ್ಲಕ್ಕೂ ಹೂಂ. ಅವರಿಗೆ ಬೇಸರವೇ ಇಲ್ಲ, ಎಲ್ಲಿಂದ ತರುತ್ತಾರೋ ಆ ತಾಳ್ಮೆ. ನಲವತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಚಿತ್ರ ಬದಿಗಿಟ್ಟು, ಇವತ್ತು ಬೆಳಿಗ್ಗೆ ಏನು ನೋಡಿದಿರಿ ಯಜಮಾನರೇ ಅಂತ ಕೇಳಿದರು. ಇವರ ಬಾಯಿ ಓರೆಯಾಯಿತು, ಕತ್ತಿನ ನರ ಉಬ್ಬಿತು. ನಾನು ಬಾಯಿ ಒರೆಸಲು ಬಟ್ಟೆ ಎತ್ತಿಕೊಂಡೆ.

"ಗು..." ಅಂದರು. ಇನ್ನೊಂದು ಸಲ "ಗು..." ಆಮೇಲೆ ನೆಟ್ಟಗೆ, ಸ್ಪಷ್ಟವಾಗಿ, "ಗುಬ್ಬಿ."

ಐದು ತಿಂಗಳಲ್ಲಿ ಮೊದಲ ಮಾತು. ಮೇಡಂ ಕೈ ತಟ್ಟಿದರು. ಗುಬ್ಬಿ ಎಲ್ಲಿ ಬಂದಿತ್ತು, ಕಿಟಕಿಗಾ ಅಂತ ಕೇಳಿದರು. ಇವರು ಇಲ್ಲವೆಂದು ತಲೆಯಾಡಿಸಿ, ಆಡದ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಗೋಡೆ ತೋರಿಸಿದರು. ಮೇಡಂಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದರು. ನಾನು ಹೇಳಿದೆ: "ನಮ್ಮ ಮಗು ಮೇಡಂ. ಗೋಡೆಯಾಚೆ ಇದೆ." ನಮ್ಮ ಅಂದೆ. ಬಾಯಿ ತಪ್ಪಿ ಬಂತು ಅಂತ ಬರೆಯಬಹುದಿತ್ತು, ತಪ್ಪಿ ಬಂದದ್ದಲ್ಲ.

ಮಧ್ಯಾಹ್ನ ಆ ಹುಡುಗಿಯೇ ತಿರುಗಿ ಫೋನ್ ಮಾಡಿದಳು, ಪುಣ್ಯಾತ್ಗಿತ್ತಿ. ರೂಟರಿನ ಪಕ್ಕೆಯಲ್ಲಿ ಕಡಲೆಕಾಳಿನಷ್ಟು ಗುಂಡಿ ಇದೆಯಾ ನೋಡಿ ಅಂದಳು. ಇತ್ತು. ಉಗುರಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ ಅಂದಳು. ಮೂರನೇ ದೀಪ ಹತ್ತಿಕೊಂಡಿತು. ಬೆಳಿಗ್ಗೆ ಏನಾದರೂ ಮುಟ್ಟಿದಿರಾ ಅಂತ ಕೇಳಿದಳು. ಉಪವಾಸದ ದಿನ ದೀಪ ಒರೆಸುವ ಬಟ್ಟೆಯಲ್ಲೇ ರೂಟರನ್ನೂ ಲ್ಯಾಪ್‌ಟಾಪನ್ನೂ ಉಜ್ಜಿ ಒರೆಸುತ್ತೀನಿ ಅಂದೆ. "ಹಾಗಾದ್ರೆ ನೀವೇ ಆರಿಸಿದ್ದು ಅಮ್ಮ, ಎರಡನ್ನೂ" ಅಂದಳು. ಶುದ್ಧ ಮಾಡಲು ಹೋಗಿ ನಾನೇ ಆರಿಸಿದ್ದೆ. ರೂಟರನ್ನು ಈಗ ಕಿಟಕಿಯ ಪಕ್ಕಕ್ಕೆ ಇಳಿಸಿದ್ದೀನಿ.

ಪಕ್ಕದ ಮನೆಯದನ್ನು ತೆಗೆಯಬೇಕಾದರೆ ಅದರ ಹೆಸರಿನ ಮೇಲೆ ಒತ್ತಿದಾಗ ಮರೆತುಬಿಡು ಅಂತ ಬರುತ್ತದೆ, ಅದನ್ನು ಒತ್ತಿ ಅಂತಲೂ ಹೇಳಿಕೊಟ್ಟಳು. ಒತ್ತಲು ಹೋದೆ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲೇ ಇಲ್ಲ. ಹಾಗಾಗಿ ನಿಮ್ಮದು ನಮ್ಮ ಲ್ಯಾಪ್‌ಟಾಪಿನಲ್ಲಿ ಇನ್ನೂ ಉಳಿದಿದೆ. ನಿನಗೆ ಸರಿ ಕಾಣದಿದ್ದರೆ ಪಾಸ್‌ವರ್ಡ್ ಬದಲಾಯಿಸು. ನಾನು ತಪ್ಪು ತಿಳಿಯುವುದಿಲ್ಲ.

ನಿನ್ನ ಮೊಣಕಾಲು ನೋವು ಹೇಗಿದೆ? ಅಂಗಡಿಯಲ್ಲಿ ಇಡೀ ದಿನ ನಿಂತಿರಬೇಡ, ಒಂದು ಸ್ಟೂಲ್ ಕೇಳಿ ಹಾಕಿಸಿಕೋ. ಇವರು ಆಸ್ಪತ್ರೆಯಲ್ಲಿದ್ದಾಗ ನೀನು ವಾರ್ಡಿನ ಬಾಗಿಲ ತನಕ ಬಂದು ನಿಂತು ಹೋದದ್ದನ್ನು ನೋಡಿದ್ದೆ. ನೋಡದವಳ ಹಾಗೆ ಹೊದಿಕೆ ಸರಿಮಾಡಿದೆ. ದೇವರು ನಿಮ್ಮ ಮೂವರನ್ನೂ ತಂಪಾಗಿ ಇಡಲಿ. ಗುಬ್ಬಿಗೆ ವಿದ್ಯೆ, ಆಯಸ್ಸು ತುಂಬ ಕೊಡಲಿ.

ಇತಿ,
ನಿನ್ನ ಅಕ್ಕ

ತಾ.ಕ. ಕಾಗದ ಮಡಚಿ ಹಾಲಿನವಳ ಕೈಗೆ ಕೊಡಲು ಇಟ್ಟಿದ್ದೆ. ಮತ್ತೆ ಬಿಚ್ಚಿದ್ದೀನಿ. ವೈಫೈ ಕದ್ದದ್ದನ್ನು ಒಪ್ಪಿಕೊಂಡು ದೊಡ್ಡದನ್ನು ಮುಚ್ಚಿಟ್ಟರೆ ಈ ಕಾಗದವೇ ಸುಳ್ಳಾಗುತ್ತದೆ.

ನಾಲ್ಕು ವರ್ಷದ ಕೆಳಗೆ ಗುಬ್ಬಿ ಬೀರುವಿನ ಮೇಲಿಂದ ಬಿದ್ದು ಕೈ ಮುರಿದುಕೊಂಡಳಲ್ಲ, ಆವತ್ತೂ ನನ್ನ ಉಪವಾಸ. ಅವಳು ಆಟಕ್ಕೆ ಹತ್ತಿದ್ದಳು, ಇಳಿಯಲು ಬರಲಿಲ್ಲ. ದೊಡ್ಡಮ್ಮನನ್ನು ಕೂಗಿದೆ ಅಂತ ಅವಳು ನಿನಗೆ ಹೇಳಿದಳು. ಕೂಗಲೇ ಇಲ್ಲ, ಕೂಗಿದ್ದರೆ ನಾನು ಏಳುತ್ತಿರಲಿಲ್ಲವಾ ಅಂತ ನಾನು ದೀಪ ಮುಟ್ಟಿ ಹೇಳಿದೆ. "ನಿಮಗೆ ದೇವರು ಸಾಕ್ಷಿ ಅಕ್ಕ, ನನಗೆ ನನ್ನ ಮಗು ಸಾಕ್ಷಿ" ಅಂದೆ ನೀನು. ನೀನು ಆ ಮಾತು ವಾಪಸ್ ತೆಗೆದುಕೊಳ್ಳುವ ತನಕ ಮಾತಿಲ್ಲ ಅಂತ ನಾನು ಅದೇ ದೀಪದ ಮುಂದೆ ಆಣೆ ಇಟ್ಟೆ.

ಅವಳು ಕೂಗಿದ್ದಳು. ಎರಡು ಸಲ ಕೂಗಿದ್ದಳು. ನನಗೆ ಎರಡೂ ಕೇಳಿಸಿತ್ತು. ಕೈಯಲ್ಲಿ ಮಾಲೆ ಇತ್ತು, ಹನ್ನೆರಡು ಮಣಿ ಬಾಕಿ ಇತ್ತು. ಮುಗಿಸಿ ಏಳೋಣ ಅಂತ ಕೂತೆ. ಇನ್ನೂ ಮೂರು ಮಣಿ ಉಳಿದಿರುವಾಗ ಬಿದ್ದ ಸದ್ದಾಯಿತು. ಇವತ್ತು ಮೂವತ್ತು ಎಣಿಸುವಾಗ ಹದಿನೆಂಟಕ್ಕೆ ಕೈ ನಿಂತದ್ದು ಅದಕ್ಕೇ, ಉಳಿದದ್ದು ಅದೇ ಹನ್ನೆರಡು.

ನೋವಿನಲ್ಲಿ ಇದ್ದ ಮಗುವನ್ನು ದೇವರ ಮುಂದೆ ಸುಳ್ಳುಗಾತಿ ಮಾಡಿದೆ. ನಾನು ಹೇಳುವಾಗ ಅವಳು ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಅವಳ ಎಡಗೈ ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ, ಅವಳು ಮಹಡಿಯಲ್ಲಿ ಬಟ್ಟೆ ಹರವುವಾಗ ನಾನು ಕೆಳಗಿನಿಂದ ನೋಡುತ್ತೀನಿ. ಇಷ್ಟಾದರೂ ದೊಡ್ಡಮ್ಮ ಅನ್ನುವ ಹೆಸರನ್ನು ನೀವು ಪಾಸ್‌ವರ್ಡಿನಿಂದ ತೆಗೆಯಲಿಲ್ಲ.

ನಾಲ್ಕು ಗಂಟೆಯಿಂದ ಬೀರು ಸರಿಸುತ್ತಿದ್ದೆ. ಖಾಲಿ ಹೊಟ್ಟೆ, ಒಂದೊಂದೇ ಅಂಗುಲ. ಆ ಗರಗರ ಸದ್ದು ನಮ್ಮದೇ. ಈ ಕಡೆಯಿಂದ ನಡುಬಾಗಿಲು ಈಗ ಬಿಡುವಾಗಿದೆ. ಬೀಗದ ಕೈ ನಿನ್ನ ಹತ್ತಿರ ಇದೆ.

ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಉತ್ತರವನ್ನು ಹಾಲಿನವಳ ಕೈಯಲ್ಲಿ ಕಳಿಸು. ಮನಸ್ಸಾದರೆ ಗುಬ್ಬಿಯ ಕೈಯಲ್ಲಿ ಕೊಟ್ಟು ಆ ಬಾಗಿಲಿಂದ ಕಳಿಸು. ಬಾಗಿಲ ಹತ್ತಿರ ನಿಂತು ಒಂದು ಸಲ ಕೂಗಿದರೆ ಸಾಕು ಅಂತ ಹೇಳು. ಜಪದಲ್ಲಿದ್ದರೂ ಏಳುತ್ತೀನಿ.