ಗಮನಿಸಲಾಗಿದೆ

ಮನೆಯಿಂದ,
ಮಾರ್ಚ್ ೧೪

ಪ್ರೀತಿಯ ಮರಿ,

ವಿದ್ಯುತ್ ನಿಯಂತ್ರಣ ಆಯೋಗದ ಅಧ್ಯಕ್ಷರನ್ನು ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಿಯಮ ಬೇರೆ ಏನಾದರೂ ಹೇಳಿದರೆ ತಿದ್ದಿಕೊಂಡು ಓದು. ನೀನು ಚೆನ್ನಾಗಿದ್ದೀಯೆಂದು ಪೇಪರಿನ ಫೋಟೊ ನೋಡಿ ತಿಳಿಯಿತು. ಸ್ವಲ್ಪ ಮೈ ತುಂಬಿಕೊಂಡಿದ್ದೀಯ, ಒಳ್ಳೆಯದೇ. ನಿನ್ನ ಹೊಸವರ್ಷದ ಮೆಸೇಜಿಗೆ ಉತ್ತರ ಬರೆಯುವುದು ಇಷ್ಟು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಮೊದಲು ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಈಗಲೂ ಬೈಗುಳ ಮುಗಿದಿಲ್ಲ, ಹರಿಯುವ ಉತ್ಸಾಹ ಮುಗಿದಿದೆ. ಫೋನ್ ಮಾಡೋಣವೆಂದರೆ, ಗಂಟಲಿನ ಆಪರೇಷನ್ ಆದ ಮೇಲೆ ನನ್ನ ದನಿ ಹರಿದ ತಗಡಿನ ಹಾಗಾಗಿದೆ. ಆಗಲೇ ನಿನಗೆ ಬರೆದಿದ್ದೆನಲ್ಲ, ಕೂದಲು ಉದುರಿ ಗಿಡ್ಡ ಮಾಡಿಸಿದ್ದನ್ನೂ ಬರೆದಿದ್ದೆ. "ಟೇಕ್ ಕೇರ್" ಎಂದು ಉತ್ತರ ಬಂದಿತ್ತು. ಕೇರ್ ತೆಗೆದುಕೊಂಡೆ, ಬದುಕಿದ್ದೇನೆ.

ನಿನ್ನ ಭಾವನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ಅದೇ ಉದ್ದನೆಯ ಕೋಣೆ, ಬೀರುಗಳ ಹಾಗೆ ಸಾಲಾಗಿ ನಿಂತ, ಮೊಟ್ಟೆಗೆ ಕಾವು ಕೊಡುವ ಯಂತ್ರಗಳು, ಅವುಗಳ ನಡುವೆ ದಿನವಿಡೀ ಅವರ ಓಡಾಟ. ಮೊದಲೆಲ್ಲ ಅವರ ಕಣ್ಣು ಒಳಗಿನ ಶಾಖ ತೋರಿಸುವ ಮುಳ್ಳಿನ ಮೇಲಿರುತ್ತಿತ್ತು, ಈಗ ಬಾಗಿಲ ಪಕ್ಕದ ಹೊಸ ಮೀಟರಿನ ಮೇಲೆ. ನಿಮ್ಮ ಸುಧಾರಣೆಯವರು ಪರೀಕ್ಷೆಗೆಂದು ಹಾಕಿಹೋದದ್ದು. ಕರೆಂಟಿನ ಬೆಲೆ ಗಂಟೆ ಗಂಟೆಗೂ ಅದರಲ್ಲಿ ಬದಲಾಗುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ಅಂಕಿ ಮೇಲೇರಿತೆಂದರೆ ಸಾಕು, "ಏರ್ತು ಕಣೇ, ಏರ್ತು!" ಎಂದು ಅಡುಗೆಮನೆಯವರೆಗೂ ಕೂಗುತ್ತಾರೆ, ಮನೆಯಲ್ಲಿ ಯಾರಿಗೋ ಜ್ವರ ಬಂದ ಹಾಗೆ. ಸದ್ಯಕ್ಕೆ ಅದು ಬರೀ ತೋರಿಕೆಯ ಅಂಕಿ. ಮುಂದಿನ ತಿಂಗಳಿಂದ ಬಿಲ್ಲೇ ಅದರಂತೆ ಬರುತ್ತದೆ.

ನೀನು ಟೀವಿಯಲ್ಲಿ ವಿವರಿಸಿದ್ದನ್ನು ನಾನು ಪೂರ್ತಿ ಕೇಳಿದೆ, ಮರಿ. ನಡುವೆ ಎದ್ದು ಹೋಗಲಿಲ್ಲ. ಇಷ್ಟು ವರ್ಷ ಒಂದೇ ಮಂಡಳಿ ಕರೆಂಟು ಮಾಡಿ, ಸಾಗಿಸಿ, ಮಾರಿ, ಮೂರರಲ್ಲೂ ಮುಳುಗಿತು. ಇನ್ನು ಮಾಡುವವರು ಬೇರೆ, ತಂತಿ ಕಾಯುವವರು ಬೇರೆ, ಮಾರುವವರು ಬೇರೆ. ಪೈಪೋಟಿಯಲ್ಲಿ ಬೆಲೆ ತಾನಾಗಿ ಇಳಿಯುತ್ತದೆ. ಇರಬಹುದು. ಮಂಡಳಿಯ ಕಾಲವೇ ಸ್ವರ್ಗವಾಗಿತ್ತೆಂದು ನಾನೇನೂ ಹೇಳುವುದಿಲ್ಲ. ಹೇಳದೆ ಕೇಳದೆ ಕರೆಂಟು ತೆಗೆದು ಎಷ್ಟು ಸಲ ನಮ್ಮ ಮೊಟ್ಟೆಗಳನ್ನೆಲ್ಲ ಕೊಂದಿದ್ದಾರೆ ಎಂದು ನಿನಗೂ ಗೊತ್ತು, ಗುಂಡಿ ತೋಡಿ ಹೂಳುವಾಗ ನೀನೂ ಜೊತೆಗಿದ್ದೆ. ಬದಲಾಗಬೇಕಿತ್ತು. ಆದರೆ ಬದಲಾಯಿಸುವಾಗ ಒಮ್ಮೆಯಾದರೂ ಮೊಟ್ಟೆಯ ನೆನಪು ಬರಬೇಕಿತ್ತಲ್ಲ, ಬೇರೆಯವರಿಗಲ್ಲ, ನಿನಗೆ. ಅಮ್ಮ ತೀರಿಕೊಂಡ ವರ್ಷ ಚಳಿಗೆ ನಡುಗುತ್ತಿದ್ದ ನಿನ್ನನ್ನು ಆ ಯಂತ್ರಗಳ ನಡುವೆಯೇ ಹಾಸಿಗೆ ಹಾಸಿ ಮಲಗಿಸುತ್ತಿದ್ದೆ. ಮೊಟ್ಟೆಯನ್ನು ದೀಪಕ್ಕೆ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ನೋಡುವುದನ್ನು ನೀನು ಓದು ಬರಹಕ್ಕಿಂತ ಮೊದಲು ಕಲಿತೆ. ಕೆಲಸದವರೆಲ್ಲ ಮರಿ ಮರಿ ಎಂದು ಕರೆದದ್ದು ಸುಮ್ಮನೆಯೇ?

ಇರಲಿ. ವಿಚಾರಣೆಗೆ ನಾನು ಬಂದಿದ್ದೆ. ನಿನಗೆ ಇದು ಈಗ ಗೊತ್ತಾಗುತ್ತಿದ್ದರೆ ಕುರ್ಚಿಯಲ್ಲಿ ಒರಗಿ ಕೂತುಕೊ. ಕೋಳಿಮರಿ ಮಾಡುವವರ ಸಂಘದ ಪರವಾಗಿ ಕಾರ್ಯದರ್ಶಿ ಬರಬೇಕಿತ್ತು, ಪಟ್ಟಿಯಲ್ಲಿ ಅವರ ಹೆಸರೇ ಇತ್ತು. ಅವರು ಏಣಿಯಿಂದ ಬಿದ್ದು ಪಾದ ಮುರಿದುಕೊಂಡರು. "ನೀವೇ ಹೋಗಿ ಬನ್ನಿ, ನಿಮಗೆ ಬಾಯಿದೆ" ಎಂದರು. ಅಧ್ಯಕ್ಷರು ನನ್ನ ತಮ್ಮ ಎಂದು ಅವರಿಗೆ ನಾನು ಹೇಳಲಿಲ್ಲ, ನಾನು ಬರುತ್ತೇನೆಂದು ನಿನಗೂ ಹೇಳಲಿಲ್ಲ. ಮೊದಲೇ ತಿಳಿಸಿದರೆ ಶಿಫಾರಸು ಮಾಡಿದ ಹಾಗಾಗುತ್ತದೆ, ನಿನಗೆ ಮುಜುಗರವಾಗುತ್ತದೆ ಎಂದುಕೊಂಡೆ. ಅಪ್ಪನನ್ನು ಮಣ್ಣುಮಾಡಿದ ದಿನದ ನಂತರ, ಎಷ್ಟೋ ವರ್ಷಗಳಿಂದ, ನಿನ್ನನ್ನು ಎದುರಾಎದುರು ನೋಡಿಯೇ ಇರಲಿಲ್ಲ. ನೋಡುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ನಿಮ್ಮ ಹಾಲು ಚೆನ್ನಾಗಿದೆ. ಮೆತ್ತನೆ ಕುರ್ಚಿ, ಕಿಟಕಿಗೆಲ್ಲ ದಪ್ಪ ಪರದೆ, ಹಗಲಲ್ಲೇ ಸಾಲು ಸಾಲು ದೀಪ. ಎಷ್ಟು ಬೆಲೆಯ ಗಂಟೆಯೋ ಏನೋ! ಮೊದಲಿಗೆ ಆಕ್ಷೇಪ ಹೇಳುವವರೆಲ್ಲ ಎದ್ದು ನಿಲ್ಲಬೇಕೆಂದರು. ಅವರನ್ನೆಲ್ಲ ನೋಡಿ, ತಮ್ಮ ಬಂಧುಗಳು ಯಾರಾದರೂ ಇದ್ದರೆ ಅಧ್ಯಕ್ಷರು ಹೇಳಬೇಕಂತೆ, ಹೇಳಿ ಆ ವಿಚಾರಣೆಯಿಂದ ಎದ್ದು ಹೋಗಬೇಕಂತೆ. ಒಳ್ಳೆಯ ನಿಯಮ. ನೀನು ಕನ್ನಡಕ ಸರಿಮಾಡಿಕೊಂಡು ಸಾಲು ಸಾಲಾಗಿ ನೋಡುತ್ತಾ ಬಂದೆ. ನನ್ನ ಮುಖದ ಮೇಲೂ ನಿನ್ನ ಕಣ್ಣು ನಿಂತಿತು, ಪಕ್ಕದ ಹಿಟ್ಟಿನ ಗಿರಣಿಯವರ ಮೇಲೆ ನಿಂತಷ್ಟೇ ಹೊತ್ತು. ಆಮೇಲೆ ಮೈಕಿಗೆ ಬಾಗಿ ಓದಿದೆ: "ಇಲ್ಲಿ ಹಾಜರಿರುವವರಲ್ಲಿ ನನ್ನ ಬಂಧುಗಳು ಯಾರೂ ಇಲ್ಲ."

ಎಲ್ಲರೂ ಕೂತರೂ ನಾನು ನಿಂತೇ ಇದ್ದೆ. ಗಿರಣಿಯವರು "ಕೂತ್ಕೊಳ್ಳಿ ಅಮ್ಮಾ, ಮುಗೀತು" ಎಂದರು. ನನ್ನ ಬುದ್ಧಿ ನೋಡು, ಕೂತ ತಕ್ಷಣ ನಿನ್ನ ಪರವಾಗಿ ವಕಾಲತ್ತು ಶುರುಮಾಡಿತು. ಅಕ್ಕ ಎಂದು ಒಪ್ಪಿಕೊಂಡರೆ ಇವನು ಎದ್ದು ಹೋಗಬೇಕಾಗುತ್ತದೆ, ಆ ಕುರ್ಚಿಗೆ ಇನ್ಯಾವನೋ ಬರುತ್ತಾನೆ, ನನ್ನ ಮಾತನ್ನು ತಾನೇ ಕೇಳಬೇಕೆಂದು ಹೀಗೆ ಮಾಡಿದ್ದಾನೆ ಎಂದುಕೊಂಡೆ. ನನಗೋಸ್ಕರ ಸುಳ್ಳು ಹೇಳಿದ್ದಾನೆ ಎಂದು ಒಳಗೊಳಗೆ ಸ್ವಲ್ಪ ಹಿಗ್ಗಿದ್ದೂ ಉಂಟು.

ನನ್ನ ಸರದಿ ಬಂತು, "ಹದಿನೇಳನೇ ಆಕ್ಷೇಪಕರು" ಎಂದು ಕೂಗಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. ಆ ಹಾಳು ದನಿಯಲ್ಲಿ "ನಿಮ್ಮಲ್ಲಿ ಯಾರಾದ್ರೂ ಮೊಟ್ಟೆ ಮುಟ್ಟಿದ್ದೀರಾ?" ಎಂದು ಕೇಳಿಬಿಟ್ಟೆ. ಹಾಲಿನಲ್ಲಿ ನಗು. ಮುಟ್ಟಿದವನೊಬ್ಬ ಮೇಜಿನ ಆಚೆ ಕೂತಿದ್ದಾನೆಂದು ನನಗೊಬ್ಬಳಿಗೇ ಗೊತ್ತಿತ್ತು. ನೀನು ನಗಲಿಲ್ಲ, ಪೆನ್ನು ಹಿಡಿದು ಏನೋ ಬರೆದುಕೊಂಡೆ. ಕರೆಂಟು ಮಾರುವ ಕಂಪನಿಯ ವಕೀಲ ಎದ್ದು, ಬಳಕೆದಾರರು ತಮ್ಮ ಬಳಕೆಯನ್ನು ಅಗ್ಗದ ಗಂಟೆಗಳಿಗೆ ಸರಿಸಿಕೊಳ್ಳಬಹುದು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. "ಕಾವಿಗೆ ಕೂತ ಕೋಳಿಗೂ ಹೇಳ್ತೀರೇನ್ರೀ, ಸಂಜೆ ರೇಟು ಜಾಸ್ತಿ, ಎದ್ದು ಹೋಗಿ ಆಮೇಲೆ ಬಾ ಅಂತ?" ಎಂದೆ. ಮತ್ತೆ ನಗು. ಮೊಟ್ಟೆಗೆ ಶಾಖ ತಪ್ಪಿದರೆ ಮರಿ ಸಾಯುತ್ತದೆ, ನಮ್ಮಂಥವರಿಗೆ ಎಲ್ಲ ಗಂಟೆಗೂ ಒಂದೇ ದರ ಉಳಿಸಿಕೊಡಿ ಎಂದು ಕೇಳುವಷ್ಟರಲ್ಲಿ ಮೈಕಿನ ಕೆಂಪು ದೀಪ ಹತ್ತಿ ದನಿ ನಿಂತಿತು. ಬಾಯಿ ಇದೆಯೆಂದು ಕಳಿಸಿದ್ದರು, ಬಾಯಿಯೇ ಕೆಡಿಸಿತು.

ಆದೇಶದ ಪ್ರತಿ ಹೋದ ತಿಂಗಳು ಬಂತು. ಒಬ್ಬೊಬ್ಬರ ಆಕ್ಷೇಪದ ಎದುರೂ ಆಯೋಗದ ಉತ್ತರ ಇರುತ್ತದಲ್ಲ, ನಮ್ಮದರ ಎದುರು ಒಂದೇ ಪದ: "ಗಮನಿಸಲಾಗಿದೆ." ಯಾರು ಗಮನಿಸಿದರು, ಏನನ್ನು ಗಮನಿಸಿದರು, ಒಂದೂ ಇಲ್ಲ. ದರ ಬದಲಾಗಿಲ್ಲ. ಈಗ ಮನೆಯಲ್ಲಿ ಎಲ್ಲದಕ್ಕೂ ಇದೇ ಮಾತು. ಸೂರು ಸೋರುತ್ತಿದೆ ಎಂದರೆ ನಿನ್ನ ಭಾವ "ಗಮನಿಸಲಾಗಿದೆ" ಎಂದು ಮಗ್ಗುಲು ಬದಲಾಯಿಸುತ್ತಾರೆ. ಮೊದಲೆರಡು ದಿನ ನಕ್ಕೆವು.

ಸಂಘದವರು ಒಬ್ಬ ವಕೀಲರನ್ನು ಹಿಡಿದರು. ನಮ್ಮಿಬ್ಬರ ಸಂಬಂಧ ಅವರಿಗೆ ಹೇಗೋ ತಿಳಿದಿದೆ. ಹೇಗೋ ಏನು ಬಂತು, ನಿನ್ನ ಭಾವನೇ ಹೇಳಿದ್ದು. ವಕೀಲರು ನನ್ನನ್ನು ಎದುರು ಕೂರಿಸಿಕೊಂಡು, ಬಾಗಿಲು ಹಾಕಿ, ದನಿ ತಗ್ಗಿಸಿದರು. "ನೋಡಿ ಅಮ್ಮಾ, ದರ ಹೆಚ್ಚಾಯ್ತು ಅಂತ ಅಪೀಲು ಹೋದ್ರೆ ಯಾರೂ ಕೇಳಲ್ಲ. ನಿಮ್ಮ ತಮ್ಮ ಗೊತ್ತಿದ್ದೂ ಸಂಬಂಧ ಮುಚ್ಚಿಟ್ರು ಅಂತ ನೀವು ಪ್ರಮಾಣ ಮಾಡಿ ಬರೆದುಕೊಡಿ. ಇಡೀ ಆದೇಶ ಬಿದ್ದುಹೋಗುತ್ತೆ."

"ಅವನಿಗೇನಾಗುತ್ತೆ?" ಎಂದೆ.

"ಅವರ ಕುರ್ಚಿ ಹೋಗುತ್ತೆ," ಎಂದರು. ಮುಚ್ಚುಮರೆ ಮಾಡಲಿಲ್ಲ, ಒಳ್ಳೆಯ ಮನುಷ್ಯ.

"ಗೊತ್ತಿಲ್ದೆ ಆಗಿದ್ರೆ?"

"ಗೊತ್ತಿಲ್ದೆ ಅಂದ್ರೆ ಒಂದು ಕ್ಷಮಾಪಣೆ ಪತ್ರ ಕೊಟ್ಟು ಕೈ ತೊಳ್ಕೋತಾರೆ, ಆದೇಶ ಹಾಗೇ ನಿಲ್ಲುತ್ತೆ. ಒಡಹುಟ್ಟಿದ ಅಕ್ಕ ಗೊತ್ತಿಲ್ದೆ ಇರ್ತಾರೇನಮ್ಮ?" ಎಂದು ಅವರೇ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದರೆ ಹಜಾರದ ತುಂಬ ಜನ. ಸಂಘದವರು, ನಮ್ಮ ಕೆಲಸದವರು, ಕೋಲೂರಿಕೊಂಡು ಬಂದ ಕಾರ್ಯದರ್ಶಿ. ಒಂದು ಸಹಿ ಮಾಡಿದರೆ ಇವರೆಲ್ಲರ ಯಂತ್ರಗಳು ತಿರುಗುತ್ತವೆ, ಮಾಡದಿದ್ದರೆ ನಿಲ್ಲುತ್ತವೆ. ಮೊಟ್ಟೆ ಆರಿಸುವ ಹೆಂಗಸು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನಿಮ್ಮ ತಮ್ಮ ಅಂತ ನಾವು ಏನೂ ಅನ್ನಲ್ಲ, ಆದ್ರೆ ನಮಗೂ ಮಕ್ಕಳಿದಾರೆ" ಎಂದಳು. ನಿನಗೆ ಚಮಚದಲ್ಲಿ ಅನ್ನ ತಿನ್ನಿಸಿದವಳ ಮಗಳು ಅವಳು. ನಾನು ಅವಳ ಮುಖ ನೋಡಲಿಲ್ಲ.

ಸಹಿ ಮಾಡುವುದಿಲ್ಲವೆಂದು ಇವತ್ತು ಬೆಳಗ್ಗೆ ವಕೀಲರಿಗೆ ಹೇಳಿ ಬಂದೆ. ನಿನ್ನ ಭಾವ ಮಾತು ಬಿಟ್ಟಿದ್ದಾರೆ. ಕಾರ್ಯದರ್ಶಿ ನನ್ನ ಕಿವಿಗೆ ಬೀಳುವ ಹಾಗೆ, "ರಕ್ತ ನೋಡಿ, ರಕ್ತ! ಕೊನೆಗೆ ತಮ್ಮನನ್ನೇ ಉಳಿಸಿಕೊಂಡ್ರು" ಎಂದರು. ಹೇಳಲಿ. ಈಗ ಯಂತ್ರದಲ್ಲಿರುವ ಮೊಟ್ಟೆಗಳು ಒಡೆದು ಮರಿ ಹೊರಬಂದ ಮೇಲೆ ಹೊಸದಾಗಿ ತುಂಬುವುದಿಲ್ಲ. ಕೋಣೆ ತಣ್ಣಗಾಗುತ್ತದೆ. ಕೆಲಸದವರಿಗೆ ನಾನೇ ಹೇಳಬೇಕು, ಹೇಗೆಂದು ಇನ್ನೂ ಗೊತ್ತಿಲ್ಲ. ಇದನ್ನೆಲ್ಲ ಅಕ್ಕನ ಪ್ರೀತಿ ಎಂದುಕೊಂಡು ನೀನು ಕಣ್ಣು ಒದ್ದೆ ಮಾಡಿಕೊಳ್ಳಬೇಡ. ಪ್ರೀತಿಯಿಂದ ಮಾಡಿದ್ದಲ್ಲ. ನಿನ್ನನ್ನು ಆ ಕುರ್ಚಿಯಿಂದ ಎಳೆದು ಬೀಳಿಸುವಷ್ಟು ಸಿಟ್ಟು ನನ್ನಲ್ಲಿತ್ತು, ಇನ್ನೂ ಇದೆ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ನಿನ್ನ ಮಗಳು ಓದಿನಲ್ಲಿ ಮುಂದಿದ್ದಾಳಂತೆ, ಅವಳಿಗೆ ಒಬ್ಬಳು ಅತ್ತೆ ಇದ್ದಾಳೆಂದು ಸಮಯ ಸಿಕ್ಕಾಗ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಗೆತ್ತಿಕೊಂಡ ಕೆಲಸ ನಿನ್ನ ಕೈ ಸುಡದಿರಲಿ, ನೂರು ಕಾಲ ಚೆನ್ನಾಗಿರು. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಇಂತು,
ನಿನ್ನ ಅಕ್ಕ

ಮರೆತಿದ್ದೆ: ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದು ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಅವತ್ತು ವಿಚಾರಣೆ ಮುಗಿದ ಮೇಲೆ ನಾನು ಹೊರಗಿನ ಕಾರಿಡಾರಿನಲ್ಲಿ ಕಾಯುತ್ತಾ ನಿಂತಿದ್ದೆ. ಪಕ್ಕದ ಬಾಗಿಲಿನಿಂದ ನೀನೊಬ್ಬನೇ ಬಂದೆ. ಹಿಂದೆ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಈಗ ಅತ್ತಿತ್ತ ನೋಡಿ ಮೆಲ್ಲಗೆ "ಅಕ್ಕಾ" ಅನ್ನುತ್ತಾನೆ, ಬೈದು ಬಿಡಬೇಕು, ಆಮೇಲೆ ಕೆನ್ನೆ ಮುಟ್ಟಬೇಕು ಎಂದು ಕೈಯನ್ನೂ ಎತ್ತಿದ್ದೆ. ಎತ್ತಿದ ಕೈಯನ್ನು ನೀನು ಹಿಡಿದುಕೊಂಡೆ. "ಹುಷಾರು ತಾಯಿ, ಮೆಟ್ಟಿಲಿದೆ" ಎಂದು ಇಳಿಸಿದೆ. ಎಷ್ಟು ಮೃದುವಾಗಿ ಇಳಿಸಿದೆ! ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದೆ, "ನೀವು ಯಾವ ಊರಿಂದ ಬಂದ್ರಿ? ವಾಪಸ್ ಹೋಗೋಕೆ ಬಸ್ಸಿದೆಯಾ?"

ಇದೆ ಎಂದೆ. ನನ್ನ ದನಿ ಕೇಳಿಯೂ ನಿನಗೆ ಏನೂ ಅನ್ನಿಸಲಿಲ್ಲ.

ಮಾತು ಕಲಿತ ದಿನದಿಂದ ನೀನು ನನ್ನನ್ನು ನೀವು ಅಂದವನಲ್ಲ. ವಕೀಲರು ಕೇಳಿದ್ದು "ಗೊತ್ತಿದ್ದೂ" ಎಂಬ ಒಂದು ಪದ. ಅದೊಂದನ್ನು ಬರೆಯಲು ನನ್ನ ಕೈ ಏಳಲಿಲ್ಲ, ಯಾಕೆಂದರೆ ಅದು ನಿಜವಲ್ಲ. ನೀನು ಸುಳ್ಳು ಹೇಳಲಿಲ್ಲ, ಮರಿ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.